ಎಂಸಿಎ ಸೀಟಾ, ಕೈಗೆ ಬಂದಿರೋ ಕೆಲಸಾನಾ? ವೆಬ್ ಡೆವಲಪ್‌ಮೆಂಟಿಗೆ ಹೋಗೋರಿಗೆ ಮಾಸ್ಟರ್ಸ್ ಬೇಕಾ ಅನ್ನೋ ಲೆಕ್ಕ

ಹೋದ ವರ್ಷ ಪಿಜಿಸಿಇಟಿ (ರಾಜ್ಯದ ಮಾಸ್ಟರ್ಸ್ ಪ್ರವೇಶ ಪರೀಕ್ಷೆ) ಕೌನ್ಸೆಲಿಂಗ್ ಟೈಮಲ್ಲಿ ಒಂದು ರಾತ್ರಿ ಹತ್ತೂವರೆಗೆ ನಮ್ಮ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ಲು. ತಿಪಟೂರಲ್ಲಿ ಬಿಸಿಎ ಮುಗಿಸಿದ್ಲು, ರ‍್ಯಾಂಕ್ ಪರವಾಗಿಲ್ಲ ಅನ್ನೋ ಹಾಗೆ ಬಂದಿತ್ತು, ಎಂಸಿಎ (ಕಂಪ್ಯೂಟರ್ ಅಪ್ಲಿಕೇಷನ್ಸಲ್ಲಿ ಮಾಸ್ಟರ್ಸ್) ಸೀಟು ಸಿಗೋದು ಹೆಚ್ಚುಕಮ್ಮಿ ಗ್ಯಾರಂಟಿ, ಅದೇ ಹೊತ್ತಿಗೆ ಬೆಂಗಳೂರಿನ ಒಂದು ಸಣ್ಣ ಕಂಪನಿ ವೆಬ್ ಡೆವಲಪರ್ ಕೆಲಸಕ್ಕೆ ತಿಂಗಳಿಗೆ 18 ಸಾವಿರ ಅಂತ ಆಫರ್ ಕೊಟ್ಟಿತ್ತು. "ಅಣ್ಣ, ಯಾವ್ದು ತಗೊಳ್ಳಲಿ? ನಾಳಿದ್ದರೊಳಗೆ ಹೇಳ್ಬೇಕಂತೆ" ಅಂದ್ಲು. ಹಿಂದಿನಿಂದ ಚಿಕ್ಕಪ್ಪ "ಓದೋದೇ ಒಳ್ಳೇದು ಅಂತ ಹೇಳಪ್ಪ" ಅಂತಿದ್ದಿದ್ದೂ ಕೇಳಿಸ್ತಿತ್ತು.

ನಾನು ಈ ಕೆಲಸಕ್ಕೆ ಬಂದು ಹತ್ತು ವರ್ಷದ ಮೇಲಾಯ್ತು. ನಾನೂ ಬಿಸಿಎನೇ, ಆಮೇಲೆ ಕೆಲಸ ಮಾಡ್ಕೊಂಡೇ ಇಗ್ನೋ ಅನ್ನೋ ದೂರಶಿಕ್ಷಣದ ಮುಕ್ತ ವಿವಿಯಲ್ಲಿ ಎಂಸಿಎ ಮುಗಿಸಿದೆ, ಹಾಗಾಗಿ ಎರಡೂ ಕಡೆ ನೋಡಿದೀನಿ. ಆದ್ರೂ ಆ ರಾತ್ರಿ ಒಂದೇ ಮಾತಲ್ಲಿ ಉತ್ತರ ಹೇಳೋಕಾಗ್ಲಿಲ್ಲ. ಇಬ್ಬರೂ ಎರಡು ದಿನ ಫೋನಲ್ಲೇ ಕೂತು ಲೆಕ್ಕ ಹಾಕಿದ್ವಿ, ಆ ಲೆಕ್ಕಾನೇ ಇಲ್ಲಿ ಬಿಡಿಸಿ ಬರೀತಿದೀನಿ, ಯಾಕಂದ್ರೆ ಪ್ರತಿ ವರ್ಷ ರಿಸಲ್ಟ್ ಬಂತು ಅಂದ್ರೆ ಯಾರಾದ್ರೂ ಒಬ್ಬರು ಇದನ್ನೇ ಕೇಳ್ತಾರೆ, ಕೇಳೋರ ಮನೆ ಪರಿಸ್ಥಿತಿ ಮಾತ್ರ ಬೇರೆ ಬೇರೆ ಇರುತ್ತೆ.

ಮೊದಲು ನಿಮ್ಮ ಕೈಯಲ್ಲಿರೋ ಡಿಗ್ರಿ ಯಾವ್ದು ಅಂತ ನೋಡ್ಕೊಳ್ಳಿ

ಇಂಟರ್ನೆಟ್ಟಲ್ಲಿ "ವೆಬ್ ಡೆವಲಪರ್ ಆಗೋಕೆ ಮಾಸ್ಟರ್ಸ್ ಬೇಡ" ಅಂತ ಸಾವಿರ ಜನ ಹೇಳಿರ್ತಾರೆ. ಅದು ಸುಳ್ಳಲ್ಲ. ಆದ್ರೆ ಅದನ್ನ ಹೇಳೋರಲ್ಲಿ ಎಷ್ಟೋ ಜನ ಆಗ್ಲೇ ನಾಲ್ಕು ವರ್ಷದ ಇಂಜಿನಿಯರಿಂಗ್ ಮುಗಿಸಿರೋರು. ಅವರಿಗೆ ತೆರೆದಿರೋ ಬಾಗಿಲು ಬಿಸಿಎ, ಬಿಎಸ್ಸಿ, ಬಿಕಾಂ ಮಾಡಿದೋರಿಗೆ ತೆರೆದಿರಲ್ಲ, ಈ ವ್ಯತ್ಯಾಸಾನ ಯಾರೂ ಬಿಡಿಸಿ ಹೇಳಲ್ಲ.

ನನ್ನದೇ ಕಥೆ ಹೇಳ್ತೀನಿ. 2014ರಲ್ಲಿ ಬಿಸಿಎ ಮುಗಿಸಿ ರಾಜಾಜಿನಗರದಲ್ಲಿ ಬೇಕರಿ ಮೇಲಿನ ಮಹಡಿಯಲ್ಲಿದ್ದ ಒಂದು ಆಫೀಸಿಗೆ 9 ಸಾವಿರ ಸಂಬಳಕ್ಕೆ ಸೇರಿದೆ. ಕಲ್ಯಾಣ ಮಂಟಪ, ಗ್ರಾನೈಟ್ ಅಂಗಡಿ, ಹಲ್ಲಿನ ಡಾಕ್ಟ್ರು, ಎಲ್ಲರಿಗೂ ವರ್ಡ್‌ಪ್ರೆಸ್ಸಲ್ಲಿ ಸೈಟ್ ಮಾಡಿ ಕೊಡೋದು, ಜೆಕ್ವೆರಿ ಸ್ಲೈಡರ್ ಹಾಕೋದು, ಇದೇ ಕೆಲಸ. ಎರಡು ವರ್ಷ ಆದ್ಮೇಲೆ ಒಂದು ದೊಡ್ಡ ಕಂಪನಿಗೆ ಅಪ್ಲೈ ಮಾಡೋಕೆ ಹೋದೆ. ಆನ್‌ಲೈನ್ ಫಾರಮ್ಮಲ್ಲಿ ಕ್ವಾಲಿಫಿಕೇಷನ್ ಅನ್ನೋ ಡ್ರಾಪ್‌ಡೌನ್ ಇತ್ತು. ಬಿಇ, ಬಿಟೆಕ್, ಎಂಇ, ಎಂಟೆಕ್, ಎಂಸಿಎ. ಅಷ್ಟೇ. ಮೇಲಿಂದ ಕೆಳಗೆ ಮೂರು ಸಲ ನೋಡಿದೆ, ಬಿಸಿಎ ಅನ್ನೋದು ಇರ್ಲೇ ಇಲ್ಲ. ನನ್ನ ಕೋಡ್ ಚೆನ್ನಾಗಿದೆಯೋ ಇಲ್ವೋ ಅಂತ ಯಾರೂ ನೋಡೋ ಮೊದಲೇ ಕಥೆ ಮುಗಿದಿತ್ತು. ಅವತ್ತು ರಾತ್ರಿ ರೂಮಿಗೆ ಹೋಗಿ ಊಟ ಮಾಡೋಕಾಗ್ಲಿಲ್ಲ. ಇಗ್ನೋ ಫಾರಂ ತುಂಬಿದ್ದು ಅದಾದ ಮುಂದಿನ ವಾರ.

ಈಗ್ಲೂ ಕ್ಯಾಂಪಸ್ ಡ್ರೈವ್ ನೋಟೀಸ್ ತೆಗೆದು ನೋಡಿ, ಎಲಿಜಿಬಿಲಿಟಿ ಅನ್ನೋ ಕಡೆ ಬಿಇ, ಬಿಟೆಕ್, ಎಂಸಿಎ ಅಂತ ಒಟ್ಟಿಗೆ ಬರೆದಿರೋದು ಎಷ್ಟು ಸಲ ಕಾಣ್ಸುತ್ತೆ ಅಂತ. ಬಿಸಿಎ, ಬಿಎಸ್ಸಿಯೋರನ್ನ ದೊಡ್ಡ ಐಟಿ ಕಂಪನಿಗಳು ತಗೊಳ್ಳಲ್ಲ ಅಂತಲ್ಲ, ತಗೊಳ್ತಾರೆ, ಆದ್ರೆ ಬೇರೆ ಡ್ರೈವಲ್ಲಿ, ಬೇರೆ ಹುದ್ದೆಗೆ, ಕಮ್ಮಿ ಸಂಬಳಕ್ಕೆ. ಎಂಸಿಎ ಅನ್ನೋ ಮೂರಕ್ಷರ ನಿಮ್ಮನ್ನ ಇಂಜಿನಿಯರಿಂಗ್ ಹುಡುಗರ ಸಾಲಲ್ಲಿ ನಿಲ್ಲಿಸುತ್ತೆ. ಒಳಗೆ ಹೋದ್ಮೇಲೆ ಇಂಟರ್‌ವ್ಯೂನಲ್ಲಿ ಅದರ ಬಗ್ಗೆ ಒಂದು ಪ್ರಶ್ನೆ ಕೂಡ ಬರ್ದೇ ಇರ್ಬಹುದು. ನನಗಂತೂ ಬರ್ಲಿಲ್ಲ, ಜಾವಾಸ್ಕ್ರಿಪ್ಟಲ್ಲಿ ಕ್ಲೋಷರ್ ಅಂದ್ರೇನು, ಇವೆಂಟ್ ಲೂಪ್ ಹೆಂಗೆ ಕೆಲಸ ಮಾಡುತ್ತೆ, ನಿಮ್ಮ ಪ್ರಾಜೆಕ್ಟಲ್ಲಿ ಲಾಗಿನ್ ಹೆಂಗೆ ಮಾಡಿದೀರಿ, ಇಷ್ಟೇ ಕೇಳಿದ್ದು.

ಹಾಗಾಗಿ ನಾನು ಕೇಳೋ ಮೊದಲನೇ ಪ್ರಶ್ನೆ, ನಿಮಗೆ ಮುಚ್ಚಿರೋ ಬಾಗಿಲು ಯಾವ್ದು? ಕಂಪ್ಯೂಟರ್ ಸೈನ್ಸೋ ಇನ್ಫರ್ಮೇಷನ್ ಸೈನ್ಸೋ ಬಿಇ ಮಾಡಿರೋರಿಗೆ ವೆಬ್ ಡೆವಲಪರ್ ಆಗೋಕೆ ಯಾವ ಬಾಗಿಲೂ ಡಿಗ್ರಿ ಕಾರಣಕ್ಕೆ ಮುಚ್ಚಿರಲ್ಲ, ಅವರಿಗೆ ಇನ್ನೆರಡು ವರ್ಷ ಕ್ಲಾಸಲ್ಲಿ ಕೂರೋದರಿಂದ ಸಿಗೋದು ಕಮ್ಮಿ. ಬಿಸಿಎ, ಬಿಎಸ್ಸಿಯೋರಿಗೆ ಮುಚ್ಚಿರೋದು ಒಂದಲ್ಲ, ಎರಡು ಮೂರಿದೆ. ಬಿಕಾಂ, ಬಿಎ ಮಾಡಿ ಈ ಕಡೆ ಬರೋರಿಗೆ ಇನ್ನೂ ಜಾಸ್ತಿ, ಆದ್ರೆ ಅವರು ಒಂದು ವಿಷಯ ಮೊದಲೇ ನೋಡ್ಕೋಬೇಕು, ಎಂಸಿಎಗೆ ಪಿಯುಸಿಯಲ್ಲೋ ಡಿಗ್ರಿಯಲ್ಲೋ ಗಣಿತ ಓದಿರ್ಬೇಕು ಅಂತ ಆ ವರ್ಷದ ನಿಯಮದಲ್ಲಿ ಇದೆಯಾ ಅಂತ, ಅದನ್ನ ನೋಡದೆ ಪಿಜಿಸಿಇಟಿ ಫೀಸು ಕಟ್ಟಿ ಆಮೇಲೆ ಡಾಕ್ಯುಮೆಂಟ್ ವೆರಿಫಿಕೇಷನ್ನಲ್ಲಿ ಬೇಜಾರು ಮಾಡ್ಕೊಂಡೋರನ್ನ ನೋಡಿದೀನಿ.

ಇನ್ನೊಂದು, ಎಂಸಿಎ ಮೂರು ವರ್ಷ ಅಂತ ಹಳಬರು ಹೆದರಿಸ್ತಾರೆ. ತಾಂತ್ರಿಕ ಶಿಕ್ಷಣ ನೋಡ್ಕೊಳ್ಳೋ ಎಐಸಿಟಿಇ ಅದನ್ನ 2020-21ರಿಂದ ಎರಡು ವರ್ಷಕ್ಕೆ ಇಳಿಸಿದೆ. ಇದರಿಂದ ಲೆಕ್ಕ ನಿಜಕ್ಕೂ ಬದಲಾಗಿದೆ.

ದುಡ್ಡಿನ ಲೆಕ್ಕದಲ್ಲಿ ಎಲ್ಲರೂ ತಪ್ಪೋ ಜಾಗ

ಚಿಕ್ಕಪ್ಪ ಹಾಕಿದ್ದ ಲೆಕ್ಕ ಹಿಂಗಿತ್ತು: ಈಗ ಹೋದ್ರೆ 18 ಸಾವಿರ, ಎಂಸಿಎ ಮಾಡ್ಕೊಂಡು ಹೋದ್ರೆ 30 ಸಾವಿರ, ಅಂದ್ರೆ ಎಂಸಿಎನೇ ಲಾಭ. ಕೇಳೋಕೆ ಸರಿ ಅನ್ಸುತ್ತೆ, ಆದ್ರೆ ಹೋಲಿಸ್ಬೇಕಾಗಿರೋದು ಇವತ್ತಿನ ಬಿಸಿಎ ಹುಡುಗೀನ ಎರಡು ವರ್ಷದ ನಂತರದ ಎಂಸಿಎ ಹುಡುಗಿ ಜೊತೆ ಅಲ್ಲ. ಎರಡು ವರ್ಷ ಆದ್ಮೇಲೆ ಒಂದು ಕಡೆ ಹೊಸದಾಗಿ ಎಂಸಿಎ ಮುಗಿಸಿ ಬಂದಿರೋ ಫ್ರೆಶರ್ ಇರ್ತಾಳೆ, ಇನ್ನೊಂದು ಕಡೆ ಎರಡು ವರ್ಷ ಎಕ್ಸ್‌ಪೀರಿಯನ್ಸ್ ಇರೋ ಬಿಸಿಎ ಡೆವಲಪರ್ ಇರ್ತಾಳೆ. ಅವರಿಬ್ಬರನ್ನ ಪಕ್ಕ ಪಕ್ಕ ನಿಲ್ಲಿಸಿ ನೋಡ್ಬೇಕು. ಒಳ್ಳೆ ಕಡೆ ಕೆಲಸ ಕಲಿತಿದ್ರೆ ಎರಡನೇಯವಳೂ ಅಷ್ಟೊತ್ತಿಗೆ 30 ಸಾವಿರಕ್ಕೆ ಬಂದಿರ್ತಾಳೆ. ಕಲಿಯದೇ ಇರೋ ಕಡೆ ಇದ್ದಿದ್ರೆ 21 ಸಾವಿರಕ್ಕೇ ನಿಂತಿರ್ತಾಳೆ, ಮೇಲೆ ಆ ಡ್ರಾಪ್‌ಡೌನ್ ಬೇರೆ.

ಇನ್ನು ಅವಳೇ ಹಾಕಿದ್ದ ಲೆಕ್ಕ ಉಲ್ಟಾ ತಪ್ಪಾಗಿತ್ತು: "18 ಸಾವಿರ ಇಂಟು 24, ನಾಲ್ಕು ಲಕ್ಷದ ಮೂವತ್ತೆರಡು ಸಾವಿರ ಕಳ್ಕೊಳ್ತೀನಿ ಅಣ್ಣ" ಅಂದ್ಲು. ಸಂಬಳದ ಕಡೆಯಿಂದ ಅಷ್ಟು ಕಳ್ಕೊಳ್ಳಲ್ಲ, ಆದ್ರೆ ಓದೋ ಖರ್ಚು ಅದರಲ್ಲಿ ಸೇರೇ ಇಲ್ಲ. ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ್ರೆ ಪಿಜಿ ಬಾಡಿಗೆ, ಊಟ, ಬಸ್ಸು, ಫೋನು, ಊರಿಗೆ ಓಡಾಟ ಅಂತ 13 ಸಾವಿರ ಹೋಗೇ ಹೋಗುತ್ತೆ, ಉಳಿಯೋದು 5 ಸಾವಿರ, ಎರಡು ವರ್ಷಕ್ಕೆ 1.2 ಲಕ್ಷ. ಓದೋಕೆ ಹೋದ್ರೆ ಹಾಸ್ಟೆಲ್ಲು ಊಟ ತಿಂಗಳಿಗೆ 8 ಸಾವಿರ ಅಂತ ಹಿಡಿದ್ರೆ 1.92 ಲಕ್ಷ, ಫೀಸು ಎರಡು ವರ್ಷಕ್ಕೆ ಒಂದೂವರೆ ಲಕ್ಷ ಅಂತ ಇಟ್ಕೊಳ್ಳಿ. ಒಟ್ಟು 3.42 ಲಕ್ಷ ಮನೆಯಿಂದ ಹೋಗುತ್ತೆ, 1.2 ಲಕ್ಷ ಮನೆಗೆ ಬರಲ್ಲ. ಎರಡರ ನಡುವಿನ ಅಂತರ 4.62 ಲಕ್ಷ. ಈ ಅಂಕಿಗಳು ಅವಳ ಪರಿಸ್ಥಿತಿಗೆ ನಾವು ಹಾಕಿಕೊಂಡಿದ್ದು, ನಿಮ್ಮದು ಬೇರೆ ಬರುತ್ತೆ. ಮನೆಯಿಂದಲೇ ಓಡಾಡ್ಕೊಂಡು ಓದೋ ಹಾಗಿದ್ರೆ ಹಾಸ್ಟೆಲ್ ಖರ್ಚು ಉಳಿದು 2.7 ಲಕ್ಷದ ಹತ್ರಕ್ಕೆ ಇಳಿಯುತ್ತೆ, ಮ್ಯಾನೇಜ್‌ಮೆಂಟ್ ಸೀಟಾದ್ರೆ ಎಲ್ಲಿಗೆ ಹೋಗುತ್ತೋ ಆ ದೇವರೇ ಬಲ್ಲ.

ಸಾಲ ಮಾಡ್ತೀರಾದ್ರೆ, ಬ್ಯಾಂಕುಗಳ ಎಜುಕೇಷನ್ ಲೋನಲ್ಲಿ ಸಾಮಾನ್ಯವಾಗಿ 4 ಲಕ್ಷದವರೆಗೆ ಅಡಮಾನ ಕೇಳಲ್ಲ, ಏಳೂವರೆ ಲಕ್ಷ ದಾಟಿದ್ರೆ ಜಮೀನೋ ಮನೆಯೋ ತೋರಿಸ್ಬೇಕಾಗುತ್ತೆ. ದೇಶದೊಳಗಿನ ಎಂಸಿಎಗೆ ಮೊದಲನೇ ಮಿತಿಯೊಳಗೇ ಮುಗಿಸೋಕೆ ನೋಡಿ. ಸ್ಕಾಲರ್‌ಶಿಪ್ಪಿಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಲ್ಲಿ ಅರ್ಜಿ ಹಾಕೋದನ್ನ ಮರೀಬೇಡಿ, ಜಾತಿ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ಅಂತ ಈಗಲೇ ನೋಡ್ಕೊಳ್ಳಿ, ಕೊನೇ ವಾರದಲ್ಲಿ ನಾಡಕಚೇರಿ ಮುಂದೆ ನಿಲ್ಲೋದು ಬೇಡ.

ಎಂಸಿಎ ಕ್ಲಾಸಲ್ಲಿ ಏನ್ ಸಿಗುತ್ತೆ, ಏನ್ ಸಿಗಲ್ಲ

ರಿಯಾಕ್ಟ್ (ವೆಬ್ ಪೇಜು ಕಟ್ಟೋ ಜಾವಾಸ್ಕ್ರಿಪ್ಟ್ ಟೂಲು) ಕಲಿಯೋಕೆ ಎಂಸಿಎ ಸೇರೋದಾದ್ರೆ ದಯವಿಟ್ಟು ಸೇರ್ಬೇಡಿ. ಸಿಲಬಸ್ ಒಂದು ಸಲ ಪ್ರಿಂಟ್ ಆದ್ರೆ ವರ್ಷಗಟ್ಟಲೆ ಇರುತ್ತೆ, ವೆಬ್ಬು ಹಾಗಲ್ಲ. ಸರ್ವರಲ್ಲಿ ಜಾವಾಸ್ಕ್ರಿಪ್ಟ್ ಓಡಿಸೋ ನೋಡ್ ಜೆಎಸ್ ಬಂದಿದ್ದು 2009ರಲ್ಲಿ, ರಿಯಾಕ್ಟ್ ಓಪನ್ ಸೋರ್ಸ್ ಆಗಿದ್ದು 2013ರಲ್ಲಿ, ಜಾವಾಸ್ಕ್ರಿಪ್ಟಿನ ಮುಖವನ್ನೇ ಬದಲಾಯಿಸಿದ ಇಎಸ್6 ಅನ್ನೋ ಹೊಸ ಆವೃತ್ತಿ ಬಂದಿದ್ದು 2015ರಲ್ಲಿ, ಅದಾದ ಎಷ್ಟೋ ವರ್ಷ ನಾನು ನೋಡಿದ ಲ್ಯಾಬ್ ರೆಕಾರ್ಡುಗಳಲ್ಲಿ ಹಳೇ ಎಚ್‌ಟಿಎಂಎಲ್ ಟೇಬಲ್ಲು, ಅಲರ್ಟ್ ಬಾಕ್ಸು ಇಷ್ಟೇ ಇತ್ತು. ದಿನದಿನದ ವೆಬ್ ಕೆಲಸಕ್ಕೆ ಎಂಡಿಎನ್, ಫ್ರೀಕೋಡ್‌ಕ್ಯಾಂಪ್, ದಿ ಓಡಿನ್ ಪ್ರಾಜೆಕ್ಟ್, ಹೆಲ್ಸಿಂಕಿ ಯೂನಿವರ್ಸಿಟಿಯ ಫುಲ್ ಸ್ಟಾಕ್ ಓಪನ್, ಇವೆಲ್ಲಾ ಇಂಟರ್ನೆಟ್ಟಲ್ಲಿ ಫ್ರೀ, ಇವನ್ನ ಅರ್ಧದಲ್ಲಿ ಬಿಡದೆ ಮುಗಿಸಿದೋರು ಕ್ಲಾಸಲ್ಲಿ ಕಲಿತೋರಿಗಿಂತ ಎಷ್ಟೋ ಮುಂದೆ ಇರ್ತಾರೆ.

ಆದ್ರೆ ಕಾಲೇಜಲ್ಲಿ ಸಿಗೋದು ಬೇರೆ ಇದೆ, ಅದು ನನಗೆ ಅರ್ಥ ಆಗಿದ್ದು ತಡವಾಗಿ. ಎರಡನೇ ಕೆಲಸದಲ್ಲಿ ನಾನು ಮಾಡಿದ್ದ ಒಂದು ಆರ್ಡರ್ ಪೇಜು ಮೊದಲಿಗೆ ಸರಿಯಾಗೇ ಓಡ್ತಿತ್ತು, ಆರು ತಿಂಗಳಾದ್ಮೇಲೆ ತೆರೆದುಕೊಳ್ಳೋಕೆ ಇಪ್ಪತ್ತು ಸೆಕೆಂಡ್ ಆಗೋಕೆ ಶುರುವಾಯ್ತು. ನಾನು ಜಾವಾಸ್ಕ್ರಿಪ್ಟಲ್ಲಿ ಏನೇನೋ ಬದಲಾಯಿಸ್ತಾ ಎರಡು ದಿನ ಕಳೆದೆ. ಸೀನಿಯರ್ ಒಬ್ಬರು ಬಂದು ನೋಡಿ, ಪೇಜಲ್ಲಿ 400 ಆರ್ಡರ್ ಇದ್ರೆ ಪ್ರತಿಯೊಂದಕ್ಕೂ ಗ್ರಾಹಕನ ಹೆಸರಿಗೆ ಅಂತ ಡೇಟಾಬೇಸಿಗೆ ಬೇರೆ ಬೇರೆ ಕ್ವೆರಿ (ಮಾಹಿತಿ ಕೇಳೋ ಆದೇಶ) ಹೋಗ್ತಿದೆ, ಮೇಲೆ ಹುಡುಕ್ತಿರೋ ಕಾಲಮ್ಮಿಗೆ ಇಂಡೆಕ್ಸೇ ಇಲ್ಲ ಅಂತ ತೋರಿಸಿದ್ರು. ಹತ್ತು ನಿಮಿಷದ ಕೆಲಸ. ಇಂಡೆಕ್ಸ್ ಅಂದ್ರೆ ಏನು ಅಂತ ಬಿಸಿಎನಲ್ಲಿ ಐದು ಮಾರ್ಕಿಗೆ ಬರೆದಿದ್ದೆ, ಅದು ಒಳಗೆ ಮರದ ಥರ ಜೋಡಿಸಿರುತ್ತೆ, ಅದಕ್ಕೇ ಲಕ್ಷ ಸಾಲಲ್ಲೂ ಬೇಗ ಸಿಗುತ್ತೆ ಅನ್ನೋದು ಮಾತ್ರ ತಲೆಗೆ ಹೋಗಿರ್ಲಿಲ್ಲ. ಆಮೇಲೆ ಇಗ್ನೋ ಪುಸ್ತಕ, ಐಐಟಿಯೋರ ಎನ್‌ಪಿಟಿಇಎಲ್ ಪಾಠದ ವಿಡಿಯೋ ಇಟ್ಕೊಂಡು ಡೇಟಾಬೇಸು, ನೆಟ್‌ವರ್ಕು, ಆಪರೇಟಿಂಗ್ ಸಿಸ್ಟಮ್ ಮೂರನ್ನೂ ಮತ್ತೆ ಮೊದಲಿಂದ ಓದಿದೆ. ವೆಬ್ ಕೆಲಸದಲ್ಲಿ ಐದು ವರ್ಷ ದಾಟಿದ ಮೇಲೆ ಸಂಬಳ ಏರೋದು ಇದರಿಂದಲೇ, ಯಾವ ಫ್ರೇಮ್‌ವರ್ಕ್ ಗೊತ್ತು ಅನ್ನೋದರಿಂದ ಅಲ್ಲ. ಇದನ್ನ ಮನೇಲಿ ಕೂತೂ ಓದ್ಬಹುದು, ಆದ್ರೆ ಕೆಲಸ ಮುಗಿಸಿ ಬಂದು ರಾತ್ರಿ ಹನ್ನೊಂದಕ್ಕೆ ಓದೋಕೆ ಎಷ್ಟು ಜನಕ್ಕೆ ಆಗುತ್ತೆ ಹೇಳಿ, ಎಂಸಿಎನಲ್ಲಿ ಎರಡು ವರ್ಷ ಅದೇ ನಿಮ್ಮ ಕೆಲಸ.

ಕನ್ನಡ ಮೀಡಿಯಮ್ಮಲ್ಲಿ ಓದಿರೋರಿಗೆ ಇನ್ನೊಂದು ಇದೆ. ನಮ್ಮ ಹುಡುಗಿ ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ, ಕೋಡ್ ಬರೀತಾಳೆ, ಆದ್ರೆ ಬರೆದಿದ್ದನ್ನ ಇಂಗ್ಲಿಷಲ್ಲಿ ವಿವರಿಸು ಅಂದ್ರೆ ಗಂಟಲು ಕಟ್ಟುತ್ತೆ. ನನಗೂ ಹಾಗೇ ಇತ್ತು, ಟೀಮಿನ ದಿನದ ಸ್ಟ್ಯಾಂಡಪ್ ಮೀಟಿಂಗಲ್ಲಿ "ಯಸ್ಟರ್ಡೇ ಐ ಡಿಡ್" ಅಂತ ಶುರು ಮಾಡೋ ಮೊದಲು ಕೈ ಬೆವರ್ತಿತ್ತು. ಎಂಸಿಎನಲ್ಲಿ ಸೆಮಿನಾರು, ವೈವಾ, ಪ್ರಾಜೆಕ್ಟ್ ಪ್ರೆಸೆಂಟೇಷನ್ ಅಂತ ಎರಡು ವರ್ಷ ನಿಂತು ಮಾತಾಡಿಸ್ತಾರೆ, ತಪ್ಪಾದ್ರೆ ಸಂಬಳ ಹೋಗಲ್ಲ. ಇದಕ್ಕೆ ರೂಪಾಯಿ ಲೆಕ್ಕ ಹಾಕೋಕಾಗಲ್ಲ, ಆದ್ರೆ ನಾನು ಇದನ್ನ ದೊಡ್ಡ ಲಾಭ ಅಂತಲೇ ಎಣಿಸ್ತೀನಿ.

ಹೆಣ್ಣುಮಕ್ಕಳ ಮನೆಗಳಲ್ಲಿ ನಡೆಯೋ ಇನ್ನೊಂದು ಲೆಕ್ಕಾನೂ ಬಾಯಿ ಬಿಟ್ಟು ಹೇಳ್ಬೇಕು. "ಓದ್ತಿದಾಳೆ" ಅಂದ್ರೆ ಗಂಡು ನೋಡೋರು ಎರಡು ವರ್ಷ ಸುಮ್ನಿರ್ತಾರೆ, "9 ಗಂಟೆಗೆ ಆಫೀಸಿಂದ ಬರ್ತಾಳೆ" ಅಂದ್ರೆ ಮುಂದಿನ ತಿಂಗಳೇ ಜಾತಕ ಹೊರಗೆ ಬರುತ್ತೆ. ಎಷ್ಟೋ ಹುಡುಗಿಯರು ಎಂಸಿಎ ಸೇರೋದು ಈ ಕಾರಣಕ್ಕೆ, ಮತ್ತೆ ಅದು ಸರಿಯಾದ ಕಾರಣವೇ. ಎರಡು ವರ್ಷದ ಸ್ವಾತಂತ್ರ್ಯಕ್ಕೆ ಬೆಲೆ ಇದೆ. ಆದ್ರೆ ಹಾಗೆ ಸೇರಿದ್ರೆ ಆ ಎರಡು ವರ್ಷದಲ್ಲಿ ಕೆಲಸ ಕೈಗೆ ಬರೋ ಹಾಗೆ ನೋಡ್ಕೋಬೇಕು, ಕೊನೇ ಸೆಮ್ಮಲ್ಲಿ ಆಫರ್ ಲೆಟರ್ ಇದ್ರೆ ಮನೇಲಿ ಮಾತಾಡೋ ಧಾಟಿನೇ ಬೇರೆ ಆಗುತ್ತೆ.

ಕೆಲಸ ಮಾಡ್ತಾ ಡಿಗ್ರಿ

ನನಗೆ ಕೇಳಿದ್ರೆ ಬಿಸಿಎ ಮುಗಿಸಿ ನಿಜವಾಗ್ಲೂ ಒಳ್ಳೆ ಕೆಲಸ ಸಿಕ್ಕಿರೋರಿಗೆ ಇದೇ ಸರಿಯಾದ ದಾರಿ. ಇಗ್ನೋ ಎಂಸಿಎ ಈಗ ಎರಡು ವರ್ಷ, ಒಟ್ಟು ಖರ್ಚು 50 ಸಾವಿರದ ಆಸುಪಾಸು, ಜೂನ್ ಡಿಸೆಂಬರಲ್ಲಿ ಪರೀಕ್ಷೆ. ನಾನು ಮಾಡೋವಾಗ ಮೂರು ವರ್ಷದ್ದು. ಅಸೈನ್‌ಮೆಂಟ್ ಎಲ್ಲಾ ಕೈಯಲ್ಲೇ ಬರೀಬೇಕಿತ್ತು, ಶನಿವಾರ ಭಾನುವಾರ ಎ4 ಶೀಟು ಹರಡ್ಕೊಂಡು ಬರೀತಾ ಕೂತಿರ್ತಿದ್ದೆ, ಆಫೀಸಲ್ಲಿ ರಿಲೀಸ್ ಇದ್ದ ವಾರವೇ ಪರೀಕ್ಷೆ ಬಂದು ಎರಡು ಪೇಪರ್ ಬಿಟ್ಟು ಮುಂದಿನ ಸಲ ಬರೆದೆ. ಸುಲಭ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಎರಡು ವರ್ಷದ್ದು ಮೂರಾಗುತ್ತೆ ಅಂತಲೇ ಲೆಕ್ಕ ಇಟ್ಕೊಳ್ಳಿ. ರೆಗ್ಯುಲರ್ ಕಾಲೇಜಿನ ಥರ ಕ್ಯಾಂಪಸ್ ಡ್ರೈವ್ ಇಲ್ಲಿ ಸಿಗಲ್ಲ, ಅದನ್ನೂ ಮರೀಬೇಡಿ.

ಡಿಸ್ಟೆನ್ಸಿಗೆ ಬೆಲೆ ಇದೆಯಾ ಅಂತ ಕೇಳ್ತಾರೆ. ಯೂನಿವರ್ಸಿಟಿಗಳಿಗೆ ಮಾನ್ಯತೆ ಕೊಡೋ ಯುಜಿಸಿ 2022ರಲ್ಲೇ ಸ್ಪಷ್ಟ ಮಾಡಿದೆ, ಮಾನ್ಯತೆ ಇರೋ ಯೂನಿವರ್ಸಿಟಿಯ ಡಿಸ್ಟೆನ್ಸ್ ಮತ್ತೆ ಆನ್‌ಲೈನ್ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಅಂತ. ಆದ್ರೆ ಮಾನ್ಯತೆ ಅನ್ನೋ ಮಾತು ಇಲ್ಲಿ ಮುಖ್ಯ. ನಮ್ಮ ಮೈಸೂರಿನ ಮುಕ್ತ ವಿವಿಗೇ ಕೆಲವು ವರ್ಷ ಯುಜಿಸಿ ಮಾನ್ಯತೆ ಇಲ್ದೆ ಹೋಗಿ 2018ರಲ್ಲಿ ವಾಪಸ್ ಬಂತು, ಅಲ್ಲಿವರೆಗೂ ಎಷ್ಟು ಜನ ಒದ್ದಾಡಿದ್ರು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹಾಗಾಗಿ ಜಾಹೀರಾತು ನೋಡಿ ದುಡ್ಡು ಕಟ್ಟಬೇಡಿ, ಯುಜಿಸಿ ಡಿಸ್ಟೆನ್ಸ್ ಎಜುಕೇಷನ್ ಬ್ಯೂರೋ ಸೈಟಲ್ಲಿ ಆ ವರ್ಷಕ್ಕೆ ಆ ಕೋರ್ಸಿಗೆ ಅನುಮತಿ ಇದೆಯಾ ಅಂತ ನೋಡಿ.

ವಿಪ್ರೋದ ವರ್ಕ್ ಇಂಟಿಗ್ರೇಟೆಡ್ ಲರ್ನಿಂಗ್ ಪ್ರೋಗ್ರಾಂ ಅಂತ ಒಂದಿದೆ, ಬಿಸಿಎ ಬಿಎಸ್ಸಿಯೋರನ್ನ ತಗೊಂಡು ಕೆಲಸದ ಜೊತೆ ಕಂಪನಿ ಖರ್ಚಲ್ಲೇ ಎಂಟೆಕ್ ಓದಿಸ್ತಾರೆ, ಬದಲಿಗೆ 5 ವರ್ಷದ ಒಪ್ಪಂದ. ಮನೇಲಿ ದುಡ್ಡಿಲ್ಲ, ಡಿಗ್ರಿನೂ ಬೇಕು ಅನ್ನೋರಿಗೆ ಇದು ನಿಜಕ್ಕೂ ಅನುಕೂಲ. ಆದ್ರೆ ಅಲ್ಲಿ ನಿಮಗೆ ವೆಬ್ ಪ್ರಾಜೆಕ್ಟೇ ಸಿಗುತ್ತೆ ಅಂತ ಇಲ್ಲ, ಟೆಸ್ಟಿಂಗೋ ಸಪೋರ್ಟೋ ಬರ್ಬಹುದು, 5 ವರ್ಷ ಅಂದ್ರೆ 21ಕ್ಕೆ ಸೇರಿದೋರಿಗೆ 26 ಆಗುತ್ತೆ, ಅದನ್ನ ಯೋಚ್ನೆ ಮಾಡಿ ಸೈನ್ ಮಾಡಿ.

ಎಂಟೆಕ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಗೇಟ್ (ಎಂಟೆಕ್ ಪ್ರವೇಶ ಪರೀಕ್ಷೆ) ಬರೆದು ಐಐಎಸ್‌ಸಿಯೋ, ಸುರತ್ಕಲ್ಲಿನ ಎನ್‌ಐಟಿಯೋ, ಐಐಟಿಯೋ ಸಿಗೋ ಹಾಗಿದ್ರೆ ಹೋಗಿ, ತಿಂಗಳಿಗೆ 12,400 ಸ್ಟೈಪೆಂಡ್ ಬರುತ್ತೆ, ಅಲ್ಲಿಗೆ ಬರೋ ಕಂಪನಿಗಳು ಬೇರೆ ಕಡೆ ಬರಲ್ಲ. ಅದಿಲ್ದೆ ಎಲ್ಲೋ ಒಂದು ಕಡೆ ಎಂಟೆಕ್ ಮಾಡಿ ವೆಬ್ ಡೆವಲಪರ್ ಆಗ್ತೀನಿ ಅನ್ನೋದರಲ್ಲಿ ನನಗೆ ಅರ್ಥ ಕಾಣಲ್ಲ. ಪಾಠ ಮಾಡೋ ಆಸೆ ಇದ್ರೆ ಮಾತ್ರ ಬೇರೆ ಮಾತು, ಡಿಗ್ರಿ ಕಾಲೇಜಲ್ಲಿ ಲೆಕ್ಚರರ್ ಆಗೋಕೆ ಮಾಸ್ಟರ್ಸು, ಜೊತೆಗೆ ನೆಟ್, ಕೆಸೆಟ್ ಅನ್ನೋ ಅರ್ಹತಾ ಪರೀಕ್ಷೆಗಳಲ್ಲಿ ಒಂದು, ಇಲ್ಲಾ ಪಿಎಚ್‌ಡಿ ಬೇಕು.

ಎಂಎಸ್ ಅಂತ ಹೊರಗೆ ಹೋಗೋದು

ಅಮೆರಿಕದ ಎಂಎಸ್‌ಗೆ (ಅಲ್ಲಿನ ಮಾಸ್ಟರ್ಸ್) ಫೀಸು, ವಾಸ ಎಲ್ಲಾ ಸೇರಿ 40 ಲಕ್ಷ ದಾಟೋದು ಮಾಮೂಲಿ. 11 ಪರ್ಸೆಂಟ್ ಬಡ್ಡಿಗೆ ಹತ್ತು ವರ್ಷಕ್ಕೆ ಅಂತ ಹಿಡಿದ್ರೆ ತಿಂಗಳ ಕಂತು ಸುಮಾರು 55 ಸಾವಿರ. ಡಾಲರ್ ಸಂಬಳದಲ್ಲಿ ಇದು ಏನೂ ಅಲ್ಲ, ವಾಪಸ್ ಬಂದು ಬೆಂಗಳೂರು ಸಂಬಳದಲ್ಲಿ ಕಟ್ಟೋದಾದ್ರೆ ಉಸಿರು ಕಟ್ಟುತ್ತೆ. ಓದು ಮುಗಿದ್ಮೇಲೆ ಒಪಿಟಿ ಅಂತ 12 ತಿಂಗಳು, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ಡಿಗ್ರಿ ಆದ್ರೆ ಇನ್ನೂ 24 ತಿಂಗಳು ಕೆಲಸ ಮಾಡೋಕೆ ಬಿಡ್ತಾರೆ. ಆಮೇಲೆ ಎಚ್-1ಬಿ ಅನ್ನೋ ಕೆಲಸದ ವೀಸಾ ಬೇಕು, ಅದು ವರ್ಷಕ್ಕೆ 85 ಸಾವಿರ, ಅದರಲ್ಲಿ 20 ಸಾವಿರ ಅಲ್ಲಿನ ಮಾಸ್ಟರ್ಸ್ ಮಾಡಿದೋರಿಗೆ. 2025 ಸೆಪ್ಟೆಂಬರಲ್ಲಿ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಅಂತ ಘೋಷಣೆ ಆಯ್ತು, ಆಮೇಲೆ ಅಲ್ಲೇ ಓದ್ತಿದ್ದು ವೀಸಾ ಸ್ಟೇಟಸ್ ಬದಲಾಯಿಸ್ಕೊಳ್ಳೋರಿಗೆ ಅದು ಬೀಳಲ್ಲ ಅಂತ ಸ್ಪಷ್ಟನೆ ಬಂತು. ರೂಲ್ಸ್ ಹಿಂಗೆ ರಾತ್ರೋರಾತ್ರಿ ಬದಲಾಗೋ ಕಡೆ ಮನೆ ಪತ್ರ ಅಡ ಇಟ್ಟು ಹೋಗೋದು ಬರೀ ವೆಬ್ ಡೆವಲಪ್‌ಮೆಂಟಿಗೋಸ್ಕರ ಆದ್ರೆ ಬೇಡ ಅಂತೀನಿ. ಅಲ್ಲಿ ಬದುಕೋ ಆಸೆ ಇದೆ, ಸಾಲದ ಭಾರ ತಡ್ಕೋತೀನಿ ಅನ್ನೋರ ತೀರ್ಮಾನ ಬೇರೆ.

ಬಿಸಿಎಯೋರಿಗೆ ಇಲ್ಲೂ ಒಂದು ಗಂಟಿದೆ. ಮೂರು ವರ್ಷದ ಡಿಗ್ರಿನ ಅಲ್ಲಿನ ಎಷ್ಟೋ ಯೂನಿವರ್ಸಿಟಿಗಳು ಪೂರ್ತಿ ಡಿಗ್ರಿ ಅಂತ ಒಪ್ಪಲ್ಲ, ಎಚ್-1ಬಿಗೂ ನಾಲ್ಕು ವರ್ಷದ ಬ್ಯಾಚುಲರ್‌ಗೆ ಸಮ ಅಂತ ತೋರಿಸ್ಬೇಕಾಗುತ್ತೆ. ಕರ್ನಾಟಕದಲ್ಲಿ 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಅಂತ ನಾಲ್ಕು ವರ್ಷದ ಆನರ್ಸ್ ಬಂತು, 2024-25ರಿಂದ ಮತ್ತೆ ಮೂರಕ್ಕೇ ಬಂದ್ವಿ. ಹಾಗಾಗಿ ಮುಂದೆ ಯಾವತ್ತಾದ್ರೂ ಹೊರಗೆ ಹೋಗೋ ಯೋಚ್ನೆ ಇದ್ರೆ ಇಲ್ಲಿನ ಎಂಸಿಎ ಆ ಕೊರತೆ ತುಂಬುತ್ತೆ, ಕಮ್ಮಿ ಖರ್ಚಲ್ಲಿ.

ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಟ್ಯೂಷನ್ ಫೀಸಿಲ್ಲ, ಆದ್ರೆ ವರ್ಷಕ್ಕೆ 11,904 ಯೂರೋ ಬ್ಲಾಕ್ಡ್ ಅಕೌಂಟಲ್ಲಿ (ತಿಂಗಳಿಗಿಷ್ಟೇ ಅಂತ ತೆಗೆಯೋಕಾಗೋ ಖಾತೆ) ತೋರಿಸ್ಬೇಕು, ನಿಮ್ಮ ಮಾರ್ಕ್ಸ್ ಕಾರ್ಡ್ ಅಸಲಿ ಅಂತ ಪರಿಶೀಲಿಸಿ ಕೊಡೋ ಎಪಿಎಸ್ ಸರ್ಟಿಫಿಕೇಟ್ ಬೇಕು, ಓದು ಮುಗಿದ್ಮೇಲೆ ಕೆಲಸ ಹುಡುಕೋಕೆ 18 ತಿಂಗಳು. ಬಹಳ ಜನಕ್ಕೆ ಗೊತ್ತಿಲ್ದೇ ಇರೋ ವಿಷಯ, 2023ರ ನವೆಂಬರಿಂದ ಐಟಿಯೋರಿಗೆ ಡಿಗ್ರಿ ಇಲ್ದಿದ್ರೂ ಮೂರು ವರ್ಷದ ಅನುಭವ ಮತ್ತೆ ನಿಗದಿ ಸಂಬಳದ ಆಫರ್ ಇದ್ರೆ ಬ್ಲೂ ಕಾರ್ಡ್ ಅನ್ನೋ ಕೆಲಸದ ಪರ್ಮಿಟ್ ಕೊಡ್ತಾರೆ. ಅಂದ್ರೆ ಅಲ್ಲಿಗೆ ಹೋಗೋಕೆ ಮಾಸ್ಟರ್ಸ್ ಒಂದೇ ದಾರಿ ಅಲ್ಲ.

ಇನ್‌ಸ್ಟಿಟ್ಯೂಟು, ಬೂಟ್‌ಕ್ಯಾಂಪು

ನಾಲ್ಕು ತಿಂಗಳಲ್ಲಿ ಫುಲ್ ಸ್ಟಾಕ್, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂತ ಬೋರ್ಡ್ ಹಾಕಿರ್ತಾರಲ್ಲ, ನಾನೂ ಒಂದು ಕಡೆ 35 ಸಾವಿರ ಕಟ್ಟಿದ್ದೆ. ಪ್ಲೇಸ್‌ಮೆಂಟ್ ಅಂದ್ರೆ ಅವರು ಕೊಟ್ಟಿದ್ದು ಎಲ್ಲರಿಗೂ ಸಿಗೋ ವಾಕ್-ಇನ್ ಮೆಸೇಜುಗಳು. ಪಾಠ ಪರವಾಗಿರ್ಲಿಲ್ಲ, ಆದ್ರೆ ಆ ದುಡ್ಡಿಗೆ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಬರ್ತಿತ್ತು, ಆಗ ನನಗೆ ಬೇಕಿದ್ದಿದ್ದು ಅದೇ. ಸೇರೋದಿದ್ರೆ ಹೋದ ಬ್ಯಾಚಿನ ನಾಲ್ಕು ಜನರ ಜೊತೆ ಮಾತಾಡ್ಸಿ ಅಂತ ಕೇಳಿ, ಮಾತಾಡಿಸಲ್ಲ ಅಂದ್ರೆ ಎದ್ದು ಬನ್ನಿ.

ಎಐ ಬಂದಿದೆ, ಕೆಲಸ ಕಮ್ಮಿ ಆಗಿದೆ, ಎರಡು ವರ್ಷ ಓದ್ಕೊಂಡು ಕಾಯೋಣ್ವಾ?

ಇದನ್ನ ಈಗ ಎಲ್ಲರೂ ಕೇಳ್ತಿದಾರೆ. ಹೆದರಿಕೆ ಸುಳ್ಳಲ್ಲ, 2023-24ರಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೋ ಮೂರೂ ಕಡೆ ಒಟ್ಟು ಉದ್ಯೋಗಿಗಳ ಸಂಖ್ಯೆ 60 ಸಾವಿರಕ್ಕೂ ಜಾಸ್ತಿ ಇಳೀತು, ನಾನು 9 ಸಾವಿರಕ್ಕೆ ಮಾಡ್ತಿದ್ದ ಗ್ರಾನೈಟ್ ಅಂಗಡಿ ಸೈಟನ್ನ ಈಗ ಎಐ ಟೂಲು ಅರ್ಧ ಗಂಟೇಲಿ ಮಾಡುತ್ತೆ. ಆದ್ರೆ ಮಾರ್ಕೆಟ್ ಯಾವಾಗ ಏಳುತ್ತೆ ಅಂತ ನೋಡಿ ಕಾಲೇಜು ಸೇರೋಕಾಗಲ್ಲ. ನಾನು ಹೇಳೋದು ಇಷ್ಟು, ಎಐ ಬರೆದ ಕೋಡಲ್ಲಿ ಆ 400 ಕ್ವೆರಿ ತಪ್ಪು ಇದ್ರೆ ಅದನ್ನ ನೋಡಿ ಹಿಡಿಯೋರು ಬೇಕು, ಆ ಕಣ್ಣು ಬೇಸಿಕ್ಸ್ ಓದಿರೋರಿಗೆ ಬರುತ್ತೆ. ಎಂಸಿಎ ಸೇರಿ ಬೇಸಿಕ್ಸ್ ಓದಿದ್ರೂ ಸರಿ, ಕೆಲಸದಲ್ಲಿದ್ದು ಓದಿದ್ರೂ ಸರಿ. ಸೇರಿ ಓದದೇ ಎರಡು ವರ್ಷ ಕಳೆದ್ರೆ ಫ್ರೆಶರ್ ಆಗೇ ಹೊರಗೆ ಬರ್ತೀರ, ವಯಸ್ಸು ಮಾತ್ರ ಎರಡು ಜಾಸ್ತಿ.

ಅವಳ ವಿಷಯಕ್ಕೆ ಬರ್ತೀನಿ

ಎರಡನೇ ದಿನ ನಾನು ಅವಳಿಗೆ ಮೂರು ಕೆಲಸ ಹೇಳಿದೆ. ಆಪ್ಷನ್ ಎಂಟ್ರಿಯಲ್ಲಿ (ಬೇಕಾದ ಕಾಲೇಜು ಆರಿಸೋ ಪಟ್ಟಿ) ಹಾಕಿರೋ ಪ್ರತಿ ಕಾಲೇಜಿನ ಈಗಿನ ಎಂಸಿಎ ಫೈನಲ್ ಇಯರ್ ಹುಡುಗರ ಒಬ್ಬರ ನಂಬರ್ ಹುಡುಕಿ, ಈ ವರ್ಷ ಎಂಸಿಎಗೆ ಅಂತ ಎಷ್ಟು ಕಂಪನಿ ಬಂದಿದ್ವು ಅಂತ ಕೇಳು, ಕಾಲೇಜಿನ ಬ್ರೋಷರ್ ಬೇಡ, ಅದರಲ್ಲಿ ಇಂಜಿನಿಯರಿಂಗ್ ಪ್ಲೇಸ್‌ಮೆಂಟನ್ನೂ ಸೇರಿಸಿ ಹಾಕಿರ್ತಾರೆ. ಎರಡು, ಆಫರ್ ಕೊಟ್ಟಿರೋ ಕಂಪನೀಲಿ ನಿನ್ನ ಕೋಡ್ ನೋಡಿ ತಪ್ಪು ಹೇಳೋ ಸೀನಿಯರ್ ಯಾರಿದಾರೆ, ಎಷ್ಟು ಜನ ಇದಾರೆ ಅಂತ ಕೇಳು. ಮೂರು, ಆಫರ್ ಲೆಟರ್ ಫೋಟೋ ತೆಗೆದು ಕಳ್ಸು.

ಮೂರನೇದರಲ್ಲೇ ಗೊತ್ತಾಯ್ತು. ಎರಡು ವರ್ಷ ಬಾಂಡು, ಮಧ್ಯ ಬಿಟ್ರೆ ಒಂದು ಲಕ್ಷ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕಂಪನಿ ಹತ್ರ ಇಡ್ಬೇಕು ಅಂತ ಬರೆದಿತ್ತು. ಮಾರ್ಕ್ಸ್ ಕಾರ್ಡ್ ಅವರ ಹತ್ರ ಇದ್ರೆ ಬೇರೆ ಕಡೆ ಸೇರೋಕೂ ಆಗಲ್ಲ, ಓದೋಕೂ ಆಗಲ್ಲ. ಸೀನಿಯರ್ ಬಗ್ಗೆ ಕೇಳಿದ್ದಕ್ಕೆ "ನೀವೇ ಎಲ್ಲಾ ನೋಡ್ಕೋಬೇಕಾಗುತ್ತೆ" ಅಂದ್ರಂತೆ. ಅದೇ ಕ್ಲಾಸಿನ ಇನ್ನೊಬ್ಬ ಹುಡುಗನಿಗೆ ಜಯನಗರದ ಆರು ಜನರ ಟೀಮಲ್ಲಿ 16 ಸಾವಿರಕ್ಕೆ ಸಿಕ್ಕಿತ್ತು, ಅಲ್ಲಿ ಬಾಂಡಿಲ್ಲ, ಪ್ರತಿ ದಿನ ಕೋಡ್ ರಿವ್ಯೂ ಇದೆ. ಅವನಿಗೆ ನಾನೇ ಹೋಗು ಅಂದೆ, ಜೊತೆಗೆ ಇಗ್ನೋಗೆ ಸೇರ್ಕೊ ಅಂತಾನೂ ಹೇಳಿದೆ.

ಇವಳು ಆಪ್ಷನ್ ಲಿಸ್ಟಿಂದ ಎಂಸಿಎಗೆ ಡ್ರೈವೇ ಬರದ ಎರಡು ಕಾಲೇಜು ತೆಗೆದು, ಉಳಿದಿದ್ದರಲ್ಲಿ ಸಿಕ್ಕಿದ ಒಂದಕ್ಕೆ ಸೇರಿದಾಳೆ. ಒಂದು ಷರತ್ತು ಹಾಕಿದೀನಿ, ಪ್ರತಿ ಸೆಮ್ಮಿಗೆ ಜನ ನಿಜವಾಗ್ಲೂ ಬಳಸೋ ಒಂದು ಸೈಟ್ ಮಾಡ್ಬೇಕು ಅಂತ. ಮೊದಲನೇದು ಚಿಕ್ಕಪ್ಪನ ಕೊಬ್ಬರಿ ವ್ಯಾಪಾರದ ಲೆಕ್ಕದ್ದು. ಯಾವ ರೈತರಿಂದ ಎಷ್ಟು ಕ್ವಿಂಟಾಲು, ಎಷ್ಟು ಬಾಕಿ, ಎಲ್ಲಾ ಫೋನಲ್ಲೇ ಕನ್ನಡದಲ್ಲಿ ಕಾಣೋ ಹಾಗೆ. ನಿನ್ನೆ ಫೋನ್ ಮಾಡಿ, "ಅಣ್ಣ, ಎರಡು ಸಾವಿರ ಎಂಟ್ರಿ ಆದ್ಮೇಲೆ ಪೇಜ್ ನಿಧಾನ ಆಗಿದೆ, ಅಪ್ಪ ಬೈತಿದಾರೆ" ಅಂದ್ಲು. ಕ್ವೆರಿ ಕಳ್ಸು ನೋಡೋಣ ಅಂದಿದೀನಿ.